ನಾನು ಹಿಡಿದ ಒಂದೇ ಒಂದು ರೋಜಾ

ಹಸಿವನ್ನು ಗೆಲ್ಲುವುದು ದೊಡ್ಡ ಮಾತಲ್ಲ ಎಂದು ಊಟವಾದ ಮೇಲೆ ಹೇಳುವವರ ಜಾತಿಗೆ ಸೇರಿದವನು ನಾನು. ಎಲೆಯ ಮುಂದಿನಿಂದ ಎದ್ದು, ಕೈ ತೊಳೆದು, ಅಡಿಕೆಯ ಚೂರನ್ನು ದವಡೆಗೆ ಒತ್ತಿಕೊಂಡಾಗ ನನಗೆ ಬರುವ ವೈರಾಗ್ಯ ಯಾವ ಮಠದ ಸ್ವಾಮಿಗಳಿಗೂ ಬಂದಿರಲಾರದು. ಈ ವೈರಾಗ್ಯವೇ ನನ್ನನ್ನು ಒಮ್ಮೆ ಹಳ್ಳಕ್ಕೆ ಕೆಡವಿತು.

ನಿಜಾಮರ ಆಳಿಕೆಯ ಕೊನೆಯ ವರ್ಷಗಳವು. ನಾನಾಗ ಯಲಬುರ್ಗಾದ ಕಚೇರಿಯೊಂದರಲ್ಲಿ ಗುಮಾಸ್ತ. ಆ ವರ್ಷ ಶ್ರಾವಣವೂ ರಮಜಾನವೂ ಜೊತೆಜೊತೆಯಾಗಿ ಬಂದಿದ್ದವು. ಶ್ರಾವಣದ ಸೋಮವಾರಗಳಂದು ನಾನು ತಪ್ಪದೆ ಉಪವಾಸ ಮಾಡುತ್ತಿದ್ದೆ. ಉಪವಾಸವೆಂದರೆ ಬೆಳಿಗ್ಗೆ ಸಾಬೂದಾಣಿ, ನಡುಮಧ್ಯಾಹ್ನ ಹುರಿದ ಶೇಂಗಾ ಬೆಲ್ಲ, ಇಳಿಹೊತ್ತಿಗೆ ಹಾಲು ಬಾಳೆಹಣ್ಣು. ಅಂಥ ಒಂದು ಸೋಮವಾರ ಸಂಜೆ ನಾನು ‘ಇವತ್ತು ಭಾಳ ದಣಿವಾತು’ ಎಂದು ಗೋಡೆಗೆ ಒರಗಿದಾಗ ನನ್ನ ಹೆಂಡತಿ ಒಲೆಯ ಮುಂದಿನಿಂದಲೇ ಹೇಳಿದಳು: “ನಿಮ್ಮ ಮುನ್ಶಿಯವರು ಹಗಲೆಲ್ಲಾ ಹನಿ ನೀರ ಬಾಯಾಗ ಹಾಕದ ತಿಂಗಳಪೂರ್ತಿ ಇರತಾರಂತ. ನೀವು ಒಂದ ದಿನದ ಉಪವಾಸಕ್ಕ ಅಚ್ಚೇರು ಶೇಂಗಾ ಮುಗಸೀರಿ. ದಣಿವಾಗಲಾರದ ಏನಾದೀತು, ಅಗದು ಅಗದು?”

ಮುನ್ಶಿಯವರು ಎಂದರೆ ಕಚೇರಿಯಲ್ಲಿ ನನ್ನ ಪಕ್ಕದ ಗಾದಿಯಲ್ಲಿ ಕೂಡುತ್ತಿದ್ದ ಮಹಬೂಬಸಾಹೇಬರು. ಅರವತ್ತರ ಹತ್ತಿರದ, ಬೆತ್ತದಂತೆ ತೆಳ್ಳಗಿನ ಮನುಷ್ಯ. ಉರ್ದು ಅಕ್ಷರಗಳನ್ನು ಮುತ್ತು ಪೋಣಿಸಿದಂತೆ ಬರೆಯುತ್ತಿದ್ದರು. ರಮಜಾನದಲ್ಲೂ ಅವರ ಲೇಖನಿಯ ವೇಗ ಒಂದು ಕೂದಲಿನಷ್ಟೂ ಇಳಿಯುತ್ತಿರಲಿಲ್ಲ. ಹೆಂಡತಿಯ ಮಾತಿಗೆ ನಾನು ಉರಿದೆದ್ದು, “ನಾಳೆ ನಾನೂ ಒಂದು ರೋಜಾ ಹಿಡೀತೀನಿ, ನೋಡಕೋತ ಇರು” ಎಂದುಬಿಟ್ಟೆ.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದು, ಇಡೀ ದಿನದ ಊಟವನ್ನು ಒಂದೇ ಸಲಕ್ಕೆ ಒಳಗೆ ತುಂಬಿದೆ. ಮೇಲೆ ಮೂರು ತಂಬಿಗೆ ನೀರು. ನಡೆದರೆ ಹೊಟ್ಟೆಯೊಳಗೆ ಕೊಡ ತುಳುಕಿದ ಸಪ್ಪಳ ಕೇಳುತ್ತಿತ್ತು. ಇಷ್ಟಾದ ಮೇಲೆ ಸಂಜೆಯವರೆಗೆ ಯಾವ ಭಯವೂ ಇಲ್ಲವೆಂದುಕೊಂಡೆ. ಆದರೆ ಕಚೇರಿಯ ಮೆಟ್ಟಿಲು ಹತ್ತುವಷ್ಟರಲ್ಲಿಯೇ ನೀರಡಿಕೆ ಶುರುವಾಯಿತು. ಕುಡಿಯಬಾರದು ಎಂಬುದೊಂದೇ ಅದಕ್ಕೆ ಕಾರಣ. ಮೂಲೆಯಲ್ಲಿ ನೀರಿನ ಹರವಿ ಇತ್ತು. ವರ್ಷಗಟ್ಟಲೆ ಅಲ್ಲೇ ಇದ್ದರೂ ಅದರ ಹೊಟ್ಟೆ ಅಷ್ಟು ತಂಪಾಗಿ ಬೆವರುತ್ತದೆಂದು ನನಗೆ ಗೊತ್ತಿರಲಿಲ್ಲ. ಅದರ ಕಡೆ ನೋಡಬಾರದೆಂದು ಕಿಟಕಿಯ ಕಡೆ ತಿರುಗಿದೆ. ಕಿಟಕಿಯಲ್ಲಿ ಸೂರ್ಯನಿದ್ದ, ಗೂಟಕ್ಕೆ ಕಟ್ಟಿದಂತೆ ನಿಂತಿದ್ದ. ಎದ್ದೆ, ಕೂತೆ. ಕಾಗದ ತೆಗೆದೆ, ಇಟ್ಟೆ. ಟೋಪಿ ತೆಗೆದು ಗಾಳಿ ಹಾಕಿಕೊಂಡೆ. ಹೊರಗೆ ಹೋಗಿ ಬೇವಿನ ಮರದ ನೆರಳು ಎಷ್ಟು ಸರಿದಿದೆಯೆಂದು ನೋಡಿಬಂದೆ. ಒಂದು ಗೇಣೂ ಸರಿದಿರಲಿಲ್ಲ.

“ಮುನ್ಶೀಜಿ, ನೀರಡಿಕೆ ಯಾವಾಗ ಕಡಿಮಿ ಆಗತೈತ್ರಿ?” ಎಂದು ಕೇಳಿದೆ.

“ಅದನ್ನ ನೆನಸೂದು ಬಿಟ್ಟಾಗರಿ,” ಎಂದರು ಅವರು, ತಲೆ ಎತ್ತದೆ. ಆಮೇಲೆ ನನ್ನ ಮುಖ ನೋಡಿ ಲೇಖನಿ ಕೆಳಗಿಟ್ಟರು. “ಗುಮಾಸ್ತರ, ನಿಮಗ ಯಾರೂ ಜುಲುಮಿ ಮಾಡಿಲ್ಲ. ಆಗಲಿಲ್ಲಂದ್ರ ಕುಡದುಬಿಡ್ರಿ. ಜಡ್ಡಾದವ್ರಿಗೆ, ದಾರಿ ನಡಿಯೂವ್ರಿಗೆ ನಮ್ಮಲ್ಲೂ ಮಾಫಿ ಐತಿ. ಊಟಾ ನೀರು ಬಿಡೂದು ರೋಜಾದ ಹೊಸ್ತಿಲ ಅಷ್ಟರಿ. ಒಳಗ ಹೋದ್ರ ಕಣ್ಣಿಗೆ ಬ್ಯಾರೆ ರೋಜಾ, ಕಿವಿಗೆ ಬ್ಯಾರೆ, ನಾಲಿಗಿಗೆ ಬ್ಯಾರೆ. ನಾಲಿಗಿದು ಭಾಳ ಕಠಿಣ.”

ನಾಲಿಗೆಯೆಂದರೆ ಅವರು ರುಚಿಯ ವಿಷಯ ಹೇಳುತ್ತಿದ್ದಾರೆಂದು ನಾನು ತಿಳಿದೆ. ಹೆಂಡತಿ ಮಾಡುವ ಎಣ್ಣೆಗಾಯಿ ಬದನೆಕಾಯಿ ಕಣ್ಣೆದುರು ಬಂದು, ಇನ್ನಷ್ಟು ಕಂಗೆಟ್ಟೆ.

ಮಧ್ಯಾಹ್ನ ಮುನ್ಶಿಯವರು ನಮಾಜಿಗೆ ಎದ್ದು ಹೋದರು. ಆ ಹೊತ್ತಿಗೆ ಸರಿಯಾಗಿ ಕುಷ್ಟಗಿ ದಾರಿಯ ಹಳ್ಳಿಯೊಂದರಿಂದ ಹನಮವ್ವ ಎಂಬ ಮುದುಕಿ ಬಂದಳು. ಸೆರಗು ಬಿಗಿದುಕೊಂಡು, ಕಂಕುಳಲ್ಲಿ ಬುತ್ತಿಯ ಗಂಟು ಇಟ್ಟುಕೊಂಡು, ನನ್ನ ಮುಂದೆ ನಿಂತು ಮೊದಲಿನಿಂದ ಹೇಳತೊಡಗಿದಳು. “ಯಪ್ಪಾ, ನಮ್ಮ ಯಜಮಾನ್ರು ತೀರಿಕೊಂಡ್ರು. ಎರಡೆತ್ತಿನ ಹೊಲಾ ಐತಿ. ನನ್ನ ಮೈದುನ ಅದಕ್ಕ ತನ್ನ ಹೆಸರು ಹಚ್ರಿ ಅಂತ ಅರ್ಜಿ ಕೊಟ್ಟಾನ. ನನಗ ಮಕ್ಕಳಿಲ್ಲ, ಆದ್ರ ನಾ ಇನ್ನೂ ಅದೀನಲ್ರಿ? ನನ್ನ ತಕರಾರ ಬರಕೊಳ್ರಿ...”

ಅವಳು ಮಾತಾಡುತ್ತಿದ್ದಂತೆ ನನಗೆ ಕಂಡದ್ದು ಅವಳ ಬಾಯಿಯಲ್ಲಿದ್ದ ತೇವ. ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅದನ್ನು ಹೇಗೋ ಬಿಡಿಸಿಕೊಂಡು ಒದರಿದೆ: “ಹೊತ್ತಿಲ್ಲ ಗೊತ್ತಿಲ್ಲ, ಬಂದು ನಿಂತಬಿಡ್ತೀರಿ! ಇವತ್ತು ಆಗೂದಿಲ್ಲ. ಮುಂದಿನ ವಾರ ಬಾ, ಹೋಗು!”

ಅವಳು ನನ್ನನ್ನೊಮ್ಮೆ ನೋಡಿ, ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಮೆಟ್ಟಿಲಿಳಿದಳು.

ಮುನ್ಶಿಯವರು ಮರಳಿ ಬಂದು “ಯಾರರ ಬಂದಿದ್ರೇನ್ರಿ?” ಎಂದರು. ಹೇಳಿದೆ. ಅವರು ಒಂದು ಕಟ್ಟು ಬಿಚ್ಚಿ, ಕಾಗದವೊಂದನ್ನು ನನ್ನ ಮುಂದೆ ಹಿಡಿದರು. ಮೈದುನನ ಅರ್ಜಿ. ತಕರಾರು ಹೇಳಲು ಅದೇ ದಿನ ಕಡೆಯ ದಿನ.

“ಮುಂದಿನ ವಾರ ಅಂದ್ರ ಆಕಿ ಹೊಲಾ ಹೋದಂಗರಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ತಿರುಗಿ ಜಗಳವನ್ನಾದರೂ ಆಡುತ್ತಿದ್ದೆ. ಗೋಡೆಯ ಮೊಳೆಯಿಂದ ಛತ್ರಿ ತೆಗೆದುಕೊಂಡು ಅವರೇ ಬಾಗಿಲ ಕಡೆ ಹೊರಟರು. ಅರವತ್ತು ವರ್ಷದ ಮನುಷ್ಯ, ಬಾಯಲ್ಲಿ ನೀರಿಲ್ಲ, ಹೊರಗೆ ಮೋಡ ಒಡೆದ ಶ್ರಾವಣದ ಚುರುಕು ಬಿಸಿಲು. ನನಗೆ ನಾಚಿಕೆ ಎಲ್ಲಿತ್ತೋ, ಒಮ್ಮೆಲೆ ಬಂತು. ಅವರ ಕೈಯಿಂದ ಛತ್ರಿ ಕಸಿದುಕೊಂಡು ಓಡಿದೆ.

ಊರು ದಾಟಿದೆ. ಎರೆಯ ಹೊಲಗಳ ನಡುವಿನ ಗಾಡಿದಾರಿಯಲ್ಲಿ ಮನುಷ್ಯರ ಸುಳಿವಿಲ್ಲ. ಮುದುಕಿ ಅಷ್ಟು ಬಿರಬಿರನೆ ನಡೆಯುತ್ತಾಳೆಂದು ಯಾರಿಗೆ ಗೊತ್ತಿತ್ತು? ಎದುರಿಗೆ ಬಂದ ಗಾಡಿಯವನನ್ನು ಕೇಳಿದರೆ “ಮುಂದ ಹೋಗ್ಯಾಳ್ರಿ” ಎಂದ. ಒಂದು ಹರದಾರಿ ಓಡುತ್ತ ನಡೆಯುತ್ತ ಹೋದೆ. ಅವಳು ಸಿಗದಿದ್ದರೆ ಏನು ಗತಿ ಎಂಬ ದಿಗಿಲಿನಲ್ಲಿ ನೀರಡಿಕೆಯೇ ಮರೆತುಹೋಗಿತ್ತು. ಕೊನೆಗೆ ದಾರಿಬದಿಯ ಬಾವಿಯ ಹತ್ತಿರ, ಬನ್ನಿಗಿಡದ ಬುಡದಲ್ಲಿ ಹನಮವ್ವ ಬುತ್ತಿ ಬಿಚ್ಚಿ ಕೂತಿದ್ದಳು. ಮಾತಾಡಲೆಂದು ಬಾಯಿ ತೆರೆದೆ. ಕಣ್ಣಿಗೆ ಕತ್ತಲೆ ಬಂದು ಅಲ್ಲೇ ಕುಸಿದೆ.

“ಯವ್ವಾ, ಸಾಹೇಬ್ರ! ಕುಡೀರಿ ಕುಡೀರಿ” ಎಂದು ಅವಳು ತಂಬಿಗೆ ಬಾಯಿಗೆ ಹಿಡಿದಳು. ಕುಡಿದೆ. ಕೈಗೆ ಜೋಳದ ರೊಟ್ಟಿ, ಮೇಲೆ ಶೇಂಗಾ ಹಿಂಡಿ ಕೊಟ್ಟಳು. ತಿಂದೆ. ಎರಡನೆಯ ರೊಟ್ಟಿಯ ನಡುವೆ ರೋಜಾ ನೆನಪಾಯಿತು. ಅಷ್ಟರಲ್ಲಿ ತಡವಾಗಿತ್ತು. ಅರ್ಧ ರೊಟ್ಟಿ ಉಳಿಸಿದರೆ ಯಾವ ಪುಣ್ಯವೂ ಉಳಿಯುವಂತಿರಲಿಲ್ಲ, ಅದನ್ನೂ ಮುಗಿಸಿದೆ.

“ತಪ್ಪಾತು ಯವ್ವಾ, ತಿರುಗಿ ಬಾ. ಇವತ್ತ ಬರಸಬೇಕು” ಎಂದೆ.

“ಹಸದವ್ರು ಬೈತಾರ ತಗೋರಿ,” ಎಂದಳು ಅವಳು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ.

ದಾರಿಯುದ್ದಕ್ಕೂ ಛತ್ರಿಯನ್ನು ಅವಳ ಮೇಲೆ ಹಿಡಿದು ಕರೆತಂದೆ. ತಿಂದ ವಿಷಯ ಮಾತ್ರ ನಮ್ಮಿಬ್ಬರಲ್ಲೇ ಇರಲಿ ಎಂದು ಹೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ. ಅವಳು ಕಚೇರಿಯ ಹೊಸ್ತಿಲು ದಾಟಿದವಳೇ ಮುನ್ಶಿಯವರಿಗೆ ಕೈಮುಗಿದು, “ಪಾಪ, ಈ ಸಾಹೇಬ್ರು ಭಾಳ ಹಸದಿದ್ರು ನೋಡ್ರಿ. ಎರಡ ರೊಟ್ಟಿ ತಿಂದ್ರು, ಎರಡ ತಂಬಗಿ ನೀರ ಕುಡದ್ರು. ನಿಮಗೂ ಒಂದ ಉಳದೈತಿ, ತಗೋರಿ” ಎಂದು ಗಂಟು ಬಿಚ್ಚಿದಳು.

“ಇವತ್ತು ರೋಜಾ ಅದೀನವ್ವ, ಬ್ಯಾಡ,” ಎಂದರು ಅವರು.

ಮುದುಕಿ ಅವರನ್ನು ನೋಡಿದಳು, ನನ್ನನ್ನು ನೋಡಿದಳು. “ಮತ್ತ ನೀವ್ಯಾಕ ಬೈವಲ್ರಿ?” ಎಂದಳು.

ಮುನ್ಶಿಯವರು ನಗು ತಡೆಯಲು ತುಟಿ ಬಿಗಿಹಿಡಿದು ತಕರಾರು ಬರೆದರು. ನಾನು ಅವಳ ಹೆಬ್ಬೆಟ್ಟಿಗೆ ಮಸಿ ಹಚ್ಚಿದೆ. ಮುಂದೆ ವಿಚಾರಣೆ ನಡೆದು ಹೊಲ ಅವಳ ಹೆಸರಿಗೇ ಆಯಿತು.

ಹೊತ್ತು ಇಳಿಯುತ್ತಿದ್ದಂತೆ ಮುನ್ಶಿಯವರು “ಮನಿಗೆ ನಡೀರಿ, ಜೋಡೀಲೆ ರೋಜಾ ಬಿಡೂಣು” ಎಂದರು. “ನನ್ನದು ಬಾವ್ಯಾಗ ಬಿದ್ದು ಹೋಗೇತ್ರಿ” ಎಂದೆ. “ಇನ್ನೊಬ್ರಿಗೆ ಉಣಿಸಿದ್ರ ಪುಣ್ಯಾ ನಮಗ ಬರತೈತಿ. ನಮ್ಮದ್ಯಾಕ ಕಳೀತೀರಿ?” ಎಂದು ಕೈ ಹಿಡಿದು ಎಳೆದೊಯ್ದರು. ನನ್ನ ಮಡಿ-ಮೈಲಿಗೆಯ ಸಂಕೋಚ ತಿಳಿದವರಾದ್ದರಿಂದ ನನಗೆಂದು ಹಣ್ಣಿನ ತಾಟನ್ನೇ ಬೇರೆ ಇಡಿಸಿದ್ದರು. ಮಸೀದಿಯಿಂದ ಬಾಂಗ್ ಕೇಳಿತು. ಅವರು ಒಂದು ಖರ್ಜೂರ ತಿಂದು, ಒಂದು ಗುಟುಕು ನೀರು ಕುಡಿದು, ಕಣ್ಣುಮುಚ್ಚಿ ಕ್ಷಣ ಹೊತ್ತು ಸುಮ್ಮನಿದ್ದರು. ನಾನು ಸುಮ್ಮನಿರಲಿಲ್ಲ. ಅವರು ನಮಾಜು ಮುಗಿಸಿ ಬರುವಷ್ಟರಲ್ಲಿ ನನ್ನ ಮುಂದೆ ಬಾಳೆಸಿಪ್ಪೆಗಳಷ್ಟೇ ಇದ್ದವು.

ಮರುದಿನ ಮುನ್ಶಿಯವರು ಗಾದಿಯಲ್ಲಿ ಕೂಡುತ್ತ, ಎಂದಿನ ಗಂಭೀರ ದನಿಯಲ್ಲಿಯೇ ತಮ್ಮ ಮನೆಯವರ ಮಾತನ್ನು ಮುಟ್ಟಿಸಿದರು: “ಬರೂ ವರ್ಷ ಗುಮಾಸ್ತರು ರೋಜಾ ಇರೂದಿದ್ರ ಎರಡ ದಿನಾ ಮೊದಲ ಹೇಳಿ ಕಳಸಬೇಕಂತ್ರಿ. ಗಂಗಾವತಿಯಿಂದ ಒಂದ ಬಾಳಿಗೊನಿ ತರಸಿ ಇಡ್ತಾರಂತ.”