ಸಲಹಾ ಪೆಟ್ಟಿಗೆ ಮತ್ತು ಜೇವರ್ಗಿಯ ಬೀಗ

ಸರ್ಕಾರಿ ಕಚೇರಿಯಲ್ಲಿ ಹದಿನೆಂಟು ವರ್ಷ ಗುಮಾಸ್ತಿಕೆ ಮಾಡಿದವಳಿಗೆ ಇನ್ನು ಯಾವುದಕ್ಕೂ ದಂಗಾಗುವ ಪ್ರಸಂಗ ಬರಬಾರದು. ನನಗೆ ಮಾತ್ರ ವಾರಕ್ಕೊಂದು ಬರುತ್ತದೆ. ಹೋದ ವರ್ಷವಂತೂ ಸಾಲಾಗಿ ಬಂದವು. ವ್ಯಾಪಾರ, ಉದ್ದಿಮೆಗಳಲ್ಲಿ ಮಾನವ ಹಕ್ಕು ಕಾಪಾಡುವ ಬಗ್ಗೆ ದಿಲ್ಲಿಯಲ್ಲಿ ರಾಷ್ಟ್ರೀಯ ನೀತಿಯೊಂದು ತಯಾರಾಗುತ್ತಿದೆ, ಅದಕ್ಕೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ತಳಮಟ್ಟದ ಅಭಿಪ್ರಾಯ ಬೇಕು ಅಂತ ಸುತ್ತೋಲೆ ಬಂತು. ನಮ್ಮ ಸಾಹೇಬರು ಓದಿ, "ತಳಮಟ್ಟ ಅಂದ್ರ ಈ ಕಚೇರ್ಯಾಗ ನೀವ ಅಲ್ಲೇನ್ರಿ" ಅಂತ ಫೈಲನ್ನು ನನ್ನ ಮೇಜಿಗೆ ದೂಡಿದರು.

೧. ಹೌದು ಅಥವಾ ಇಲ್ಲ

ಮೊದಲು ಹೋಗಿದ್ದು ಜೇವರ್ಗಿ ಹತ್ತಿರದ ಒಂದು ದಾಲ್ ಮಿಲ್ಲಿಗೆ. ಇಜೇರಿ ಕಡೆಯ ಇಪ್ಪತ್ತು ಹೆಣ್ಣುಮಕ್ಕಳು ಅಲ್ಲಿ ತೊಗರಿ ಬೇಳೆ ಹಸನು ಮಾಡುತ್ತಾರೆ. ಅವರಲ್ಲಿ ಎಲ್ಲರಿಗಿಂತ ಹಿರಿಯಳನ್ನು ಎಲ್ಲರೂ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಬಿಸಿಲು ನೆತ್ತಿ ಸುಡುತ್ತಿತ್ತು. ನನ್ನ ಬಾಟಲಿಯ ನೀರು ಕೊಡಹೋದರೆ ಆಯಿ ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ ಅಕ್ಕಾರ. ನೀರು ಕುಡುದ್ರ ಹೊರಗ ಹೋಗಬೇಕಾಗ್ತದ. ಹೋಗಾಕ ಜಾಗ ಎಲ್ಲದರಿ? ಮುಂಜಾನಿಂದ ಸಂಜಿ ತನಕ ನಾವು ಯಾರೂ ಕುಡಿಯೂದಿಲ್ಲ. ನಿಮ್ಮ ಕಾಗದದಾಗ ಇದೊಂದ್ ಬರೀರಿ, ಆ ಪಾಯಖಾನಿ ಕೀಲಿ ತೆಗಿಸ್ರಿ."

ಸುತ್ತೋಲೆಯ ಜೊತೆ ಬಂದಿದ್ದ ಪ್ರಶ್ನಾವಳಿ ತಿರುವಿದೆ. 'ಮಹಿಳೆಯರಿಗೆ ಶೌಚಾಲಯ ಇದೆಯೇ?' ಅಂತಿತ್ತು. ಉತ್ತರ ಹೌದು ಅಥವಾ ಇಲ್ಲ. ಮೂಲೆಯಲ್ಲಿ ಬಿಳಿ ಟೈಲ್ಸ್ ಹಾಕಿಸಿದ ಚೆಂದದ ಶೌಚಾಲಯ ಇತ್ತು, ಬಾಗಿಲಿಗೆ ಬೀಗವೂ ಇತ್ತು. ಬೀಗದ ಬಗ್ಗೆ ಪ್ರಶ್ನೆ ಇರಲಿಲ್ಲ. 'ಹೌದು' ಅಂತ ಗುರುತು ಹಾಕಿ, ನನ್ನ ಮೇಲೆ ನನಗೇ ಸಿಟ್ಟು ಬಂದು, ನೇರ ಮಾಲೀಕನ ಹತ್ತಿರ ಹೋದೆ.

"ಕೀಲಿ ಯಾಕ ಹಾಕೀರಿ ಸಾವ್ಕಾರ್ರ?"

ಆತ ಗಾಬರಿಯಾದ. "ಏನ್ ಮಾತಾಡ್ತೀರಿ ಮೇಡಮ್ಮರ! ದಿನಾ ಬಳಸಿದ್ರ ಹೊಲಸಾಗೂದಿಲ್ಲೇನ್ರಿ? ನಾಳಿ ತಪಾಸಣಿಗಿ ಬಂದವರಿಗೆ ಏನ್ ತೋರಸ್ಲಿ?"

೨. ಆಯಿಯ ಎರಡು ಮಾತು

ಆಳಂದದಲ್ಲಿ ಮೂರೂ ತಾಲೂಕುಗಳ ಸಮಾಲೋಚನಾ ಸಭೆ ಇಟ್ಟರು. ನಾನು ಹಟ ಹಿಡಿದು, ಜೀಪಿನಲ್ಲಿ ಆಯಿಯನ್ನು ಕರೆದುಕೊಂಡು ಹೋದೆ. ಬೀಗದ ಮಾತು ಅವಳ ಬಾಯಿಂದಲೇ ಬರಲಿ ಅಂತ ನನ್ನ ಆಸೆ. ದಾರಿಯುದ್ದಕ್ಕೂ ಆಕೆ ಅದನ್ನೇ ಗುನುಗುತ್ತ ಬಾಯಿಪಾಠ ಮಾಡಿದಳು.

ಸಭೆ ಎರಡು ತಾಸು. ಸಭಾಂಗಣ ಮತ್ತು ಉಪ್ಪಿಟ್ಟು ಕೊಟ್ಟಿದ್ದು ಉದ್ಯಮಿಗಳು, ಹಾಗಾಗಿ ಅಧ್ಯಕ್ಷತೆಯೂ ಅವರದೇ. ಪ್ರಾರ್ಥನೆ, ದೀಪ, ಸ್ವಾಗತ ಆದವು. ಆಮೇಲೆ ಸನ್ಮಾನ ಶುರುವಾಯಿತು. ವೇದಿಕೆಯ ಮೇಲಿದ್ದವರೆಲ್ಲ ಒಬ್ಬರಿಗೊಬ್ಬರು ಶಾಲು ಹೊದಿಸಿದರು. ಒಬ್ಬರಿಗೆ ಎರಡು ಸಲ ಹೊದಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಕೊನೆಗೆ 'ಶ್ರಮಿಕರ ಪ್ರತಿನಿಧಿ' ಅಂತ ಆಯಿಯನ್ನು ಕರೆದು ಅವಳಿಗೂ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಮೈಕ್ ಮುಂದೆ ನಿಲ್ಲಿಸಿದರು. "ಎರಡು ಮಾತು ಹೇಳಬೇ ಆಯಿ."

ಆಯಿ ಗಂಟಲು ಸರಿಮಾಡಿಕೊಂಡಳು. "ನಮಸ್ಕಾರ್ರಿ" ಅಂದಳು. ಕೂಡಲೇ ನಿರೂಪಕ ಮೈಕ್ ಎಳೆದುಕೊಂಡು, "ಎಷ್ಟು ಅರ್ಥಪೂರ್ಣವಾಗಿ ಮಾತನಾಡಿದರು!" ಅಂತ ವಂದನಾರ್ಪಣೆಗೆ ಕರೆದ.

ಇದೇನ್ರಿ ಅಂತ ಪಕ್ಕದಲ್ಲಿದ್ದ ಸಾಹೇಬರನ್ನು ಕೇಳಿದೆ. ಸಾಹೇಬರು ಸಮಾಧಾನ ಹೇಳಿದರು. ಮಾತಾಡಲು ಆಗದವರಿಗಾಗಿ ತಾಲೂಕಿಗೊಂದು ಸಲಹಾ ಪೆಟ್ಟಿಗೆ ಬರುತ್ತದೆ, ತಗಡಿನದು, ಆಳುದ್ದದ್ದು. ಜನ ಅರ್ಜಿಯ ಜೊತೆ ಆಧಾರ್ ನಕಲು, ಫೋಟೋ ಎಲ್ಲ ಲಗತ್ತಿಸುತ್ತಾರೆಂದು ಬಾಯಿ ಅಗಲ ಇಡಿಸಿದ್ದಾರೆ. ಅದರ ಚಾವಿ ಬೆಂಗಳೂರಿನಲ್ಲಿ. ಇಲ್ಲಿ ಯಾರಾದರೂ ತೆರೆದರೆ ಕೇಸು.

ವಾಪಸ್ ಬರುವಾಗ ಆಯಿ ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕೂತಿದ್ದಳು. ಆಳಂದ ದಾಟಿದ ಮೇಲೆ ಕೇಳಿದಳು: "ಅಕ್ಕಾರ, ನಾ ಹೇಳಿದ್ದು ದಿಲ್ಲಿತನಕ ಕೇಳಿಸ್ತದೇನ್ರಿ?"

೩. ತುಂಬಿದ ಪೆಟ್ಟಿಗೆ

ಅಫಜಲಪುರದಲ್ಲಿ ಪೆಟ್ಟಿಗೆಯನ್ನು ಒಂದು ಇಟ್ಟಿಗೆ ಭಟ್ಟಿಯಲ್ಲಿ ಇಟ್ಟಿದ್ದರು. ವಾರ ಬಿಟ್ಟು ನೋಡಲು ಹೋದರೆ ಪೆಟ್ಟಿಗೆ ಮಾಲೀಕನ ಕುರ್ಚಿಯ ಪಕ್ಕದಲ್ಲೇ ನಿಂತಿತ್ತು. ಅಲ್ಲಾಡಿಸಿದೆ. ಒಳಗೆ ಕಾಗದ ಸರಸರ ಅಂದವು. ನನಗೆ ಖುಷಿಯೋ ಖುಷಿ.

"ಇಷ್ಟೊಂದು ಮಂದಿ ಬರ್ದು ಹಾಕ್ಯಾರೇನ್ರಿ?"

"ಅವರಿಗೆಲ್ಲಿ ಬರೀಲಿಕ್ಕ ಬರ್ತದರಿ?" ಮಾಲೀಕ ಪ್ರೀತಿಯಿಂದ ನಕ್ಕ. "ಎಲ್ಲಾರದೂ ನಾನ ಕುಂತು ಬರ್ದು ಹಾಕೇನಿ. ನಮ್ಮ ಸಾವ್ಕಾರ್ರು ತಂದಿ ಇದ್ದಂಗ ಅಂತ ಎಲ್ಲಾರೂ ಹೇಳ್ಯಾರ."

ನಾನು ಪೆಟ್ಟಿಗೆಯಿಂದ ಕೈ ತೆಗೆದೆ. ಆತ ನನ್ನ ಮುಖ ನೋಡಿ ತಪ್ಪು ತಿಳಿದ. ಹತ್ತಿರ ಬಾಗಿ ದನಿ ತಗ್ಗಿಸಿದ.

"ಅನುಮಾನ ಬರಬಾರದಂತ ಒಂದೆರಡು ತಕರಾರೂ ಹಾಕೇನ್ರಿ. ಚಹಾಕ್ಕ ಸಕ್ಕರಿ ಜಾಸ್ತಿ ಆಗ್ಯಾದ ಅಂತ."

೪. ಆಯಿಯ ತಕರಾರು

ಕೊನೆಗೆ ಬೆಂಗಳೂರಿನಿಂದ ಹಿರಿಯ ಅಧಿಕಾರಿ ಮೇಡಮ್ ಒಬ್ಬರು ಬಂದರು. ದಿಲ್ಲಿಗೆ ಹೋಗುವ ವರದಿಯನ್ನು ಬರೆಯುವವರು ಅವರೇ. ಅವರನ್ನು ಜೇವರ್ಗಿಯ ಆ ದಾಲ್ ಮಿಲ್ಲಿಗೇ ಕರೆದುಕೊಂಡು ಹೋಗೋಣ ಅಂತ ಸಾಹೇಬರ ತಲೆಗೆ ತುಂಬಿದವಳು ನಾನು. ಇವತ್ತು ಬೀಗದ ಮಾತು ಬರದಿದ್ದರೆ ಇನ್ನು ಬರುವುದಿಲ್ಲ ಅಂತ ಗೊತ್ತಿತ್ತು.

ಅಂಗಳದಲ್ಲಿ ಮೇಜು, ಪಕ್ಕದಲ್ಲಿ ಜೇವರ್ಗಿ ತಾಲೂಕಿನ ತಗಡಿನ ಪೆಟ್ಟಿಗೆ. ಎದುರಿಗೆ ಚೀಲಗಳ ಮೇಲೆ ಇಪ್ಪತ್ತೂ ಹೆಣ್ಣುಮಕ್ಕಳು, ಮುಂದೆ ಒಂದೊಂದು ನೀರಿನ ಬಾಟಲಿ. ಯಾರೂ ಮುಟ್ಟಲಿಲ್ಲ.

"ನಿಮಗೆ ಏನಾದರೂ ತೊಂದರೆ ಇದೆಯೇ?" ಮೇಡಮ್ ಕೇಳಿದರು.

ಮಾಲೀಕ ಅವರ ಹಿಂದೆಯೇ ನಿಂತು ಎಲ್ಲರ ಮುಖ ನೋಡುತ್ತಿದ್ದ. ಯಾರೂ ಪಿಟ್ಟೆನ್ನಲಿಲ್ಲ. ಆಯಿಯೂ ತಲೆ ತಗ್ಗಿಸಿದಳು.

ಮೇಡಮ್ ಕಲಬುರಗಿಯಲ್ಲಿ ಚಹಾ ಕುಡಿದಿದ್ದರು, ದಾರಿಯಲ್ಲಿ ಎಳನೀರು, ಇಲ್ಲಿ ಮತ್ತೆ ಮಜ್ಜಿಗೆ. ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದರು, "ಇಲ್ಲಿ ಟಾಯ್ಲೆಟ್ ಇದೆಯಾ?"

"ಅದ ರೀ! ಟೈಲ್ಸ್ ಹಾಕ್ಸಿದ್ದು!" ನಾನು ಊರಿಗೆಲ್ಲ ಕೇಳುವ ಹಾಗೆ ಕೂಗಿದೆ.

ಮಾಲೀಕ ಓಡಿಬಂದ. ಚಾವಿ ಅವನ ಉಡದಾರದಲ್ಲಿತ್ತು. ಅಂಗಿ ಎತ್ತಿ, ಹೊಟ್ಟೆ ಒಳಗೆಳೆದು, ಬಿಚ್ಚಲು ಬಾರದೆ ಬಾಗಿಲಿಗೆ ಸೊಂಟ ಹಚ್ಚಿ ಹಾಗೇ ಬೀಗ ತೆಗೆದ. ಮೇಡಮ್ ಒಳಗೆ ಹೋದರು.

ಆಯಿ ಎದ್ದಳು. ಸೆರಗು ಸರಿಮಾಡಿಕೊಂಡು ಬಾಗಿಲ ಮುಂದೆ ನಿಂತಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಮೇಡಮ್ ಹೊರಗೆ ಬರುವಷ್ಟರಲ್ಲಿ ಅಂಗಳದಲ್ಲಿ ಇಪ್ಪತ್ತು ಜನರ ಸಾಲು.

ಮೇಡಮ್ ಬೆಚ್ಚಿದರು. "ಏನಿದು, ಪ್ರತಿಭಟನೆಯಾ?"

"ಅಲ್ರಿ ಮೇಡಮ್, ಪಾಳಿ" ಅಂದೆ.

ಮೇಡಮ್ ಸಾಲು ನೋಡಿದರು, ಮುಟ್ಟದ ಬಾಟಲಿಗಳನ್ನು ನೋಡಿದರು, ಆಮೇಲೆ ಮಾಲೀಕನನ್ನು ನೋಡಿದರು. ಅರ್ಧ ತಾಸು ಸಭೆ ನಿಂತೇ ಹೋಯಿತು. ಮಾಲೀಕ ತನ್ನ ಟೈಲ್ಸಿಗೆ ಆಗುತ್ತಿರುವುದನ್ನು ಕಣ್ಣು ಪಿಳುಕಿಸದೆ ನೋಡುತ್ತಿದ್ದ. ಉಳಿದವರಿಗೆ ದಾರಿ ಬಿಟ್ಟು ಕೊನೆಗೆ ಹೋಗಿ ಬಂದ ಆಯಿ, ಚಿಲಕಕ್ಕೆ ನೇತುಬಿದ್ದಿದ್ದ ಬೀಗ ತೆಗೆದುಕೊಂಡು ನೆಟ್ಟಗೆ ಮೇಜಿನ ಹತ್ತಿರ ಬಂದಳು. ಪೆಟ್ಟಿಗೆಯ ಅಗಲ ಬಾಯೊಳಗೆ ಬಿಟ್ಟಳು. ಢಣ್ ಅಂತು.

"ಏ ಮುದುಕಿ! ಅದನ್ಯಾಕ ಹಾಕಿದಿ ಬೇ?" ಮಾಲೀಕ ಚೀರಿದ.

"ನನಗ ಬರೀಲಿಕ್ಕ ಬರೂದಿಲ್ರಿ ಸಾವ್ಕಾರ್ರ. ನನ್ನ ತಕರಾರು ಅದೇ ಇತ್ತು. ಅದನ್ನ ಹಾಕೇನಿ."

ಮಾಲೀಕ ಸಾಹೇಬರ ಕಡೆ ತಿರುಗಿದ. "ಪೆಟಗಿ ತೆಗೀರಿ ಸಾಹೇಬ್ರ!"

"ಚಾವಿ ಬೆಂಗಳೂರಿನಾಗ ಅದರಿ" ಅಂದರು ಸಾಹೇಬರು. "ನಾವು ತೆಗದ್ರ ಕೇಸ್ ಆಗ್ತದ."

ಮಾಲೀಕ ಹೊಸ ಬೀಗ ತರಬಹುದಿತ್ತು. ಆದರೆ ಸಭೆಯ ನಡಾವಳಿ ಬರೆಯುವವಳು ನಾನು. 'ಮಹಿಳೆಯರ ಶೌಚಾಲಯ ದಿನವಿಡೀ ತೆರೆದಿರುತ್ತದೆ' ಅಂತ ಬರೆದು, ಮೇಡಮ್ಮರ ಎದುರಿಗೇ ಮಾಲೀಕನಿಂದ ಸಹಿ ಹಾಕಿಸಿದೆ. ಅವನು ಉಡದಾರದ ಒಂಟಿ ಚಾವಿ ಹಿಡಿದುಕೊಂಡೇ ಸಹಿ ಹಾಕಿದ.

ಆಯಿ ಚೀಲದ ಮೇಲೆ ಕೂತು ಬಾಟಲಿ ಎತ್ತಿದಳು. ಗಟಗಟ ಅಂತ ಪೂರ್ತಿ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಖಾಲಿ ಬಾಟಲಿಯನ್ನು ಮಾಲೀಕನ ಮುಂದೆ ಹಿಡಿದಳು.

"ಸಾವ್ಕಾರ್ರ, ಇನ್ನೊಂದ್ ಕೊಡ್ರಿ."