ಪಂಡಿತರ ಹೆಬ್ಬೆರಳು

ಹೆಂಡತಿಯ ಬ್ಯೂಟಿ ಪಾರ್ಲರಿಗೆ ತಾನೇ ವೆಬ್‌ಸೈಟ್ ಮಾಡಿಕೊಡುತ್ತೇನೆಂದು ಪಂಡಿತರು ಘೋಷಿಸಿದ್ದು ಊಟದ ಮೇಜಿಗೆ ಗುದ್ದಿ. ನೀರಿನ ಲೋಟ ಉರುಳಿತು.

“ಇಡೀ ಜಗತ್ತೇ ಮೊಬೈಲಲ್ಲಿದೆ ಕಣೇ! ಆ ಅಂಗೈಯಗಲದ ಪರದೇಲಿ ನಿನ್ನ ಪಾರ್ಲರನ್ನ ಹೇಗೆ ಕೂರಿಸ್ತೀನಿ, ನೋಡ್ತಿರು!”

ಆಫೀಸಿನಲ್ಲಿ ಅವರ ಕೆಲಸವೇ ವೆಬ್‌ಸೈಟ್ ವಿನ್ಯಾಸ. ಪಂಡಿತ ಎಂದು ಹೆಸರಿಟ್ಟವರು ಸಹೋದ್ಯೋಗಿಗಳು. ಅದನ್ನು ಗೌರವದಿಂದಲೇ ಇಟ್ಟರೆಂದು ನಂಬಿದವರು ಇವರೊಬ್ಬರೇ.

ಸೈಟ್ ಬಂತು. ಮೇಲೆ ಚಿಟ್ಟೆಗಳು ಹಾರಾಡುತ್ತಿದ್ದವು. ಹೆಸರು, ಬರುವ ಸಮಯ ತುಂಬಿದರೆ ಕೆಳಗೆ ‘ಖಚಿತ’, ‘ರದ್ದು’ ಎಂಬ ಎರಡು ಬಟನ್‌ಗಳು, ಅವಳಿ ಮಕ್ಕಳಂತೆ ಅಂಟಿಕೊಂಡು.

“ಫೋನಲ್ಲಿ ಒತ್ತಿ ನೋಡಿದ್ರಾ?” ಎಂದಳು ಹೆಂಡತಿ.

“ಕಂಪ್ಯೂಟರಲ್ಲೇ ಪರದೆ ಫೋನಿನಷ್ಟು ಕಿರಿದು ಮಾಡಿ, ಮೌಸಲ್ಲಿ ಒತ್ತಿ ನೋಡಿದೀನಿ. ನಂಗೇ ಪಾಠ ಹೇಳ್ಬೇಡ!”

ವಾರ ಕಳೆಯುವಷ್ಟರಲ್ಲಿ ಪಾರ್ಲರಿನ ಕುರ್ಚಿಗಳೂ ನೊಣ ಹೊಡೆಯತೊಡಗಿದವು. ಹೆಸರು ಬರೆದವರೆಲ್ಲ ಮರುಗಳಿಗೆಯಲ್ಲೇ ರದ್ದು! ರೇಗಿಹೋದ ಹೆಂಡತಿ ಹಳೆಯ ಗಿರಾಕಿಯೊಬ್ಬರಿಗೆ ಫೋನ್ ಮಾಡಿದಳು. “ಬರದಿದ್ರೆ ಬೇಡ, ಹೀಗೆ ಆಟ ಯಾಕೆ ಆಡಿಸ್ತೀರಿ?”

“ನಾನೆಲ್ಲಿ ರದ್ದು ಮಾಡಿದೆ? ಇನ್ನು ನಿಮ್ಮ ಹೊಸ್ತಿಲು ತುಳಿದ್ರೆ ಕೇಳಿ!”

ಪಂಡಿತರು ಉರಿಯುವ ಬೆಂಕಿಗೆ ತುಪ್ಪ ಸುರಿದರು. “ಜನಕ್ಕೆ ಫೋನ್ ಹಿಡಿಯೋಕೇ ಬರಲ್ಲ. ಎಲ್ಲಾ ಹೆಬ್ಬೆಟ್ಟುಗಳು!”

“ರೀ, ಉಳಿದಿರೋದು ಒಂದೇ ಬುಕಿಂಗ್, ಅದನ್ನ ನಮ್ಮ ಕಡೆಯಿಂದ ಇನ್ನೂ ಖಚಿತ ಮಾಡಿಲ್ಲ. ನಾಳೆ ಮದುವೆ ಹೆಣ್ಣು, ಅವಳ ಕಡೆಯ ಹೆಂಗಸರೆಲ್ಲ ಬರ್ತಾರೆ. ಅದೂ ಕೈತಪ್ಪಿದ್ರೆ ಅಂಗಡಿಗೆ ಬೀಗ ಹಾಕಿ ನಿಮ್ಮ ತಲೆ ಬೋಳಿಸ್ತೀನಿ!”

ಪಂಡಿತರಿಗೂ ಪಿತ್ತ ನೆತ್ತಿಗೇರಿತು. “ತಾ ಇಲ್ಲಿ ಫೋನು! ಕಣ್ಣೆದುರಿಗೇ ಖಚಿತ ಮಾಡ್ತೀನಿ.”

ಅವಳ ಫೋನಿನಲ್ಲಿ ಮದುಮಗಳ ಹೆಸರಿನ ಕೆಳಗೂ ಅದೇ ಅವಳಿ ಬಟನ್‌ಗಳು. ಪಂಡಿತರ ಬದನೆಕಾಯಿಯಂಥ ಹೆಬ್ಬೆರಳು ಇಳಿಯಿತು. ಅದರಡಿ ಎರಡೂ ಬಟನ್ ಮಾಯ! ಬೆರಳೆತ್ತಿದಾಗ ಪರದೆಯ ಮೇಲೆ ಹೀಗಿತ್ತು: ‘ರದ್ದಾಗಿದೆ. ಗ್ರಾಹಕರಿಗೆ ಸಂದೇಶ ಹೋಗಿದೆ. ಧನ್ಯವಾದ!’

“ವಾಪಸ್ ತಗೊಳ್ಳಿ!” ಹೆಂಡತಿ ಕಿರುಚಿದಳು.

“ಅದಕ್ಕೆ ಬಟನ್ ಇಲ್ಲ ಕಣೇ... ಜಾಗ ಸಾಲಲಿಲ್ಲ.”

“ಚಿಟ್ಟೆ ಹಾರಿಸೋಕೆ ಜಾಗ ಇತ್ತಾ?”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮದುಮಗಳ ತಾಯಿ! ಹೆಂಡತಿ ಫೋನ್ ಕಸಿದು ಸ್ಪೀಕರ್ ಹಾಕಿ, ಮಾಡಿದ್ದುಣ್ಣೋ ಮಹಾರಾಯ ಎಂಬಂತೆ ಮತ್ತೆ ಗಂಡನ ಕೈಗೇ ತುರುಕಿದಳು.

“ನಾಳೆ ಮದುವೆ ಅನ್ನೋವಾಗ ಇವತ್ತು ರದ್ದು ಅಂತೀರಲ್ಲ, ನಾಚಿಕೆ ಆಗಲ್ವಾ? ಮಗಳು ಅತ್ತು ಅತ್ತು ಮುಖ ಊದಿಸ್ಕೊಂಡಿದಾಳೆ!”

ಪಂಡಿತರ ಸಿಟ್ಟೆಲ್ಲ ಜರ್ರನೆ ಇಳಿಯಿತು. “ತಪ್ಪಾಯ್ತಮ್ಮಾ. ಆ ವೆಬ್‌ಸೈಟಿಂದ ಆದ ಅವಾಂತರ. ದಯವಿಟ್ಟು ಬನ್ನಿ.”

“ಯಾವನ್ರೀ ಅದನ್ನ ಮಾಡಿದ್ದು?”

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಪಂಡಿತರು ಅವಳತ್ತ ಬೆನ್ನು ತಿರುಗಿಸಿದರು.

“ಯಾವನೋ ಅಯೋಗ್ಯ, ಅಮ್ಮಾ. ಕೆಲಸದಿಂದ ಕಿತ್ತುಹಾಕಿದೀವಿ.”

“ಒಳ್ಳೇ ಕೆಲಸ ಮಾಡಿದ್ರಿ. ಆಯ್ತು, ಬರ್ತೀವಿ. ಅಂದ್ಹಾಗೆ, ನೀವ್ಯಾರು?”

ಪಂಡಿತರು ಬಾಯಿ ತೆರೆಯುವ ಮೊದಲೇ ಹೆಂಡತಿ ಫೋನಿನತ್ತ ಬಾಗಿದಳು.

“ಹೊಸದಾಗಿ ಸೇರ್ಕೊಂಡಿದಾರೆ ಅಮ್ಮಾ, ಫೋನ್ ಎತ್ತೋಕೆ. ನಾಳೆಯಿಂದ ಬಿದ್ದ ಕೂದಲು ಗುಡಿಸೋದೂ ಇವರೇ!”