ಹೊಸ ಆಕಾಶದಲ್ಲಿ ನನ್ನ ಹಳೇ ವಿಮಾನ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ಹಿಡಿದವರ ಮನೆಯಲ್ಲಿ ಒಂದಲ್ಲ ಒಂದು ಫಜೀತಿ ಇದ್ದೇ ಇರುತ್ತದೆ. ದೆಹಲಿಯ ಜನಕಪುರಿಯ ನಮ್ಮ ಫ್ಲ್ಯಾಟಿನಲ್ಲಂತೂ ಅದಕ್ಕೆ ಬರವಿಲ್ಲ. ನಾಚಿಕೆಯೇನಿಲ್ಲ, ಹೆಮ್ಮೆಯೇ ಇದೆ.

ತಾತನ ಕಥೆ

ಇದೇ ಊರಿನ ಮುನಿರ್ಕಾದಲ್ಲಿ ಓದುತ್ತಿದ್ದಾಗ ಹಳೇ ಸಿಮ್ಯುಲೇಟರಿಗೆಂದು, ಅಂದರೆ ವಿಮಾನ ಹಾರಿಸುವ ಸಾಫ್ಟ್‌ವೇರಿಗೆಂದು, ಎರಡು ಎಂಜಿನ್ನಿನ ವಿಮಾನವೊಂದನ್ನು ಬೇರೆಯಾಗಿ ಕೊಂಡಿದ್ದೆ. ಅದರ ಮೇಲೆ ನನಗೆ ಪ್ರಾಣ. ಈಚೆಗೆ ಹೊಸ ಸಿಮ್ಯುಲೇಟರ್ ಹಾಕಿಸಿಕೊಂಡೆ. ಇದೇ ಹುಚ್ಚಿರುವ ಮೇಲಿನ ಮನೆಯ ಅಂಕಲ್, "ಹಳೇದು ಇದರಲ್ಲಿ ಹಾರಲ್ಲ ಭಾಯ್ ಸಾಬ್, ಕಬಾಡಿಗೆ ಹಾಕಿ" ಎಂದುಬಿಟ್ಟರು. ನನ್ನ ವಿಮಾನ ಗುಜರಿಗೆ? ನನಗೆ ಉರಿದುಹೋಯಿತು. "ಭಾನುವಾರ ತಿಂಡಿಗೆ ಬನ್ನಿ, ಹಾರಿಸಿ ತೋರಿಸ್ತೀನಿ" ಎಂದೆ.

ನನ್ನ ಫೋಲ್ಡರುಗಳ ಹೆಸರೆಲ್ಲ ಕನ್ನಡದಲ್ಲೇ. ಹಳೇ ವಿಮಾನಕ್ಕೆ ಅವನ್ನು ಓದಲು ಬರಲಿಲ್ಲ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ತೋರಿಸಿ ನಿಂತುಬಿಟ್ಟಿತು. ಇಂಗ್ಲಿಷ್ ಅಕ್ಷರಕ್ಕೆ ಒಪ್ಪಿದೆ, ಇಂಗ್ಲಿಷ್ ಮಾತಿಗೆ ಒಪ್ಪಲಿಲ್ಲ. 'ನನ್ನ ವಿಮಾನ' ಎಂಬುದನ್ನೇ ಇಂಗ್ಲಿಷ್ ಅಕ್ಷರದಲ್ಲಿ Nanna Vimana ಎಂದು ಬರೆದೆ. ನಡುವೆ ಒಂದು ದಿನ ಇಳಿದು ಬಂದ ಅಂಕಲ್ ಅದನ್ನು ಓದಿದರು: "ನಾನಾ ವಿಮಾನ್? ಅಚ್ಛಾ! ನಿಮ್ಮ ನಾನಾಜಿ ಹಾರಿಸ್ತಿದ್ದದ್ದಾ?"

ಹಿಂದಿಯಲ್ಲಿ ನಾನಾ ಎಂದರೆ ತಾಯಿಯ ತಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಬ್ಲಾಕಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ಬಸ್ಸು ಹತ್ತಿದರೂ ಹೊಟ್ಟೆ ತೊಳಸುತ್ತಿದ್ದ ನಮ್ಮ ತಾತ ಹೀಗೆ ದೆಹಲಿಯಲ್ಲಿ ಪೈಲಟ್ ಆದರು.

ಬಣ್ಣ

ವಿಮಾನ ರನ್‌ವೇಗೆ ಬಂತು, ಆದರೆ ಮೂಗಿನಿಂದ ಬಾಲದವರೆಗೆ ಗುಲಾಬಿ! ಹಳೇ ಬಣ್ಣದ ಫೈಲುಗಳು ಹೊಸ ಸಿಮ್ಯುಲೇಟರಿಗೆ ಸಿಕ್ಕಿರಲಿಲ್ಲ. ಶನಿವಾರವಿಡೀ ಕೂತು ಒಂದೊಂದನ್ನೇ ಬದಲಿಸಿ ಬಿಳಿ-ನೀಲಿ ಮಾಡಿದೆ. ಎದೆಯುಬ್ಬಿಸಿ ಮಗಳನ್ನು ಕರೆದರೆ ಅವಳು ಮುಖ ಊದಿಸಿಕೊಂಡಳು.

"ಪೆಹಲೇ ವಾಲಾ ಪಿಂಕ್ ಕಿತ್ನಾ ಕ್ಯೂಟ್ ಇತ್ತು ಅಪ್ಪಾ! ನೀವು ಹಾಳು ಮಾಡಿಬಿಟ್ರಿ."

ಸದ್ದು

ಭಾನುವಾರ ಅಂಕಲ್ ಜೊತೆ ಅಕ್ಕಪಕ್ಕದವರೂ ಬಂದರು, 'ನಾನಾಜಿ'ಯ ವಿಮಾನ ನೋಡಲು. ಹೆಂಡತಿ ಎಲ್ಲರಿಗೂ ಇಡ್ಲಿಗಿಟ್ಟಳು. ನಾನು ಎಂಜಿನ್ ಚಾಲೂ ಮಾಡಿದೆ. ಪ್ರೊಪೆಲ್ಲರ್ ತಿರುಗಿತು, ಸದ್ದೇ ಇಲ್ಲ! ಈ ವಿಮಾನಕ್ಕೆ ಸ್ವಂತ ಸದ್ದಿರಲಿಲ್ಲ; ಹಳೇ ಸಿಮ್ಯುಲೇಟರಿನ ಇನ್ನೊಂದು ವಿಮಾನದ್ದನ್ನು ಎರವಲು ಪಡೆಯುತ್ತಿತ್ತು. ಹೊಸದರಲ್ಲಿ ಆ ವಿಮಾನವೇ ಇಲ್ಲ. ಬಣ್ಣದ ಗಡಿಬಿಡಿಯಲ್ಲಿ ನಾನು ಸ್ಪೀಕರ್ ಹಾಕಿ ನೋಡಿಯೇ ಇರಲಿಲ್ಲ.

ಅಂಕಲ್ ಮೀಸೆಯಡಿಯಲ್ಲೇ ನಕ್ಕರು. ನನ್ನ ಮಾನ ಹೋಯಿತೆಂದುಕೊಂಡು, ಎಂಜಿನ್ನಿನ ವೇಗ ಏರಿಸುವ ಥ್ರಾಟಲ್ ಪೂರ್ತಿ ತಳ್ಳಿದೆ.

ಗುರ್ರ್ರ್ರ್!

ಒಳಗೆ ಹೆಂಡತಿ ಚಟ್ನಿಗೆ ಮಿಕ್ಸಿ ಹಾಕಿದ್ದಳು. "ವಾಹ್!" ಎಂದರು ಎಲ್ಲರೂ. ವಿಮಾನ ಓಡಿತು. ಅವಳು ಮಿಕ್ಸಿಯ ಸ್ಪೀಡ್ ಏರಿಸಿದಳು, ವಿಮಾನ ಮೇಲೆದ್ದಿತು. ಅಷ್ಟರಲ್ಲಿ ಮಿಕ್ಸಿ ನಿಂತಿತು. ಅಂಕಲ್ ಕುರ್ಚಿಯಿಂದ ಎದ್ದರು: "ಎಂಜಿನ್ ಬಂದ್!"

"ಗಾಬರಿ ಬೇಡ, ನಾನೇ ಆಫ್ ಮಾಡಿದ್ದು" ಎಂದು ಥ್ರಾಟಲ್ ಇಳಿಸಿ, ಒಂದು ಸುತ್ತು ಹಾಕಿ, ಹೂವಿನಷ್ಟು ಹಗುರವಾಗಿ ಇಳಿಸಿದೆ. ಚಪ್ಪಾಳೆಯೋ ಚಪ್ಪಾಳೆ. ನನ್ನ ವಿಮಾನ ಗೆದ್ದಿತ್ತು, ನಾನು ನೆಲದ ಮೇಲಿರಲಿಲ್ಲ.

ಅಂಕಲ್ ನನ್ನ ಕೈ ಹಿಡಿದುಕೊಂಡರು. "ಸೋತೆ ಭಾಯ್ ಸಾಬ್. ಇಂಥ ಅಸಲಿ ಸೌಂಡ್ ನನ್ನ ಹೊಸ ವಿಮಾನಕ್ಕೂ ಇಲ್ಲ. ಆ ಫೈಲ್ ನನಗೂ ಕೊಡಿ."

ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಬಂದು ಅವರ ಕೈಗೆ ಚಟ್ನಿ ಬಟ್ಟಲು ಕೊಟ್ಟಳು.

"ತಗೊಳ್ಳಿ ಭಾಯ್ ಸಾಬ್, ಇಡ್ಲಿ ಜೊತೆ ಇನ್‌ಸ್ಟಾಲ್ ಮಾಡ್ಕೊಳ್ಳಿ."